ಮಾವ ತಂದ ನೀರಿನ ಮಿಸೀನು

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ನಾನು ಬಸ್ಸು ರಿಪೇರಿಯ ಫಿಟ್ಟರ್ ಆಗಿದ್ದಷ್ಟು ಕಾಲ, ಬೆಳಗ್ಗೆ ಷೆಡ್ಡಿನ ಬಾಗಿಲು ತೆಗೆದರೆ ಸಾಕು, ಎದೆ ಧಸಕ್ಕನ್ನುವಂಥದ್ದು ಏನಾದರೂ ಒಂದು ಒಳಗೆ ಬಂದೇ ಬರುತ್ತಿತ್ತು. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ದಿಬ್ಬ ಬಂದರೆ ಕೂತವರೇ ಇಳಿದು ತಳ್ಳುತ್ತಿದ್ದರು. ಅದೆಲ್ಲ ನನಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಒಂದೇ, ನನ್ನ ಸೋದರಮಾವ.

ಮಾವನದು ಮದ್ದೂರಿನ ಹತ್ತಿರದ ಹಳ್ಳಿ. ಸ್ವಂತ ಆಲೆಮನೆ, ಕಬ್ಬಿನ ಗದ್ದೆ, ಮೂರು ಜನದ ತೂಕದ ಮೈ. ಅವನ ಮಗಳು ತೊಟ್ಟಿಲಲ್ಲಿದ್ದಾಗಲೇ ನನ್ನವ್ವ 'ಇವಳು ನನ್ನ ಸೊಸೆ' ಅಂದಿದ್ದಳು. ನನಗೂ ಅವಳೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮಾವನಿಗೆ ನನ್ನ ಮಸಿ ಕೈ ಕಂಡರೆ ಆಗುತ್ತಿರಲಿಲ್ಲ. ಸೋಮನಹಳ್ಳಿ ಕಡೆಯ ಜಮೀನುದಾರರೊಬ್ಬರ ಮಗನ ಮೇಲೆ ಅವನಿಗೆ ಕಣ್ಣಿತ್ತು.

ಕಂಬಳಿಯೊಳಗೆ

ಒಂದು ದಿನ ಮದ್ದೂರು ಬಸ್ಸಿನಿಂದ ಮಾವ ಇಳಿದ. ಜೊತೆಗೆ ಕಂಬಳಿಯಲ್ಲಿ ಸುತ್ತಿದ ಒಂದು ದೊಡ್ಡ ಗಂಟು. ಅದನ್ನು ಸೀಟಿನ ಮೇಲೆ ಕೂರಿಸಿ ತಾನು ದಾರಿಯುದ್ದಕ್ಕೂ ನಿಂತೇ ಬಂದಿದ್ದನಂತೆ. ಇಬ್ಬರು ಹಿಡಿದು ಷೆಡ್ಡಿಗೆ ತಂದಿಟ್ಟರು. ಬಿಚ್ಚಿದವನೇ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಮೇಲೊಂದು ಕಬ್ಬಿಣದ ಚಕ್ರ, ನಡುವೆ ಪುಟ್ಟ ಟ್ಯಾಂಕು, ಉದ್ದನೆಯ ಒಂದೇ ಕಾಲು, ಕಾಲಿನ ತುದಿಯಲ್ಲಿ ಎರಡು ರೆಕ್ಕೆಯ ಫ್ಯಾನು. ಮೈಯೆಲ್ಲ ತುಕ್ಕು. ಟ್ಯಾಂಕಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು.

"ಎಲ್ಲಿ ಸಿಕ್ತು ಮಾವ?"

"ಮಂಡ್ಯದಲ್ಲಿ ಒಬ್ಬ ಬಿಳಿ ದೊರೆ ಸೀಮೆಗೆ ಒಂಟೋಯ್ತಾ ಸಾಮಾನೆಲ್ಲ ಅರಾಜು ಆಕ್ದ. ನೀರಿನ ಮಿಸೀನು ಅಂದ್ರು, ಇಡ್ಕಂಬಂದೆ. ನಮ್ಮ ಮೇಲ್ಗದ್ದೆಗೆ ನೀರು ಎತ್ತಾಕೆ."

"ಮಾವ, ಇದು ನೀರು ಎತ್ತೋದಲ್ಲ. ದೋಣಿಯ ಹಿಂದೆ ಕಟ್ಟೋದು. ದೋಣೀನ ತಳ್ಳುತ್ತೆ."

ಮಾವ ಬೆಂಚಿನ ಮೇಲೆ ಕುಸಿದು ಕೂತ.

"ನಮ್ಮ ವಂಸದಾಗೆ ಯಾರೂ ದೋಣಿ ಅತ್ತಿಲ್ಲ ಕಣ್ಲಾ," ಅಂದ. "ಆದ್ರೆ ಊರಿಗೆಲ್ಲ ಯೋಳ್ಬುಟ್ಟಿವ್ನಿ. ಎತ್ತಲಿ, ತಳ್ಳಲಿ, ಊರ ಮುಂದೆ ಇದು ಓಡ್ಬೇಕು. ಉಗಾದಿ ಒತ್ಗೆ ಓಡ್ಸಿದ್ರೆ ಎಣ್ಣು ನಿಂಗೆ. ಇಲ್ದಿದ್ರೆ ಸೋಮನಳ್ಳಿ ಗಂಡಿಗೆ."

ನನ್ನ ಮದುವೆ ಹಲ್ಲಿ ಮೊಟ್ಟೆಯ ಮೇಲೆ ಬಂದು ನಿಂತಿತು. ಮಾವ ಮಿಸೀನನ್ನು ಅಲ್ಲೇ ಬಿಟ್ಟು ಕಂಬಳಿಯನ್ನು ಮಾತ್ರ ಮಡಚಿ ಹೆಗಲಿಗೆ ಹಾಕಿಕೊಂಡ.

"ಇದು ಒಳ್ಳೇ ಕಂಬ್ಳಿ ಕಣ್ಲಾ," ಅಂದು ಹೊರಟ.

ಅಜ್ಜಿಯ ಹರಳೆಣ್ಣೆ

ಹಲ್ಲಿಯನ್ನು ಬೇರೆ ಕಡೆ ಕಳಿಸಿದೆ. ತುಕ್ಕು ಕೆರೆದೆ. ಕಿಡಿ ಹುಟ್ಟಿಸುವ ಕಾಯಿಲು ನೀರು ಕುಡಿದಿತ್ತು, ಅದನ್ನು ಒಲೆ ಪಕ್ಕ ಒಣಗಿಸಿದೆ. ಗಾಳಿ ಎಳೆದು ಪೆಟ್ರೋಲಿಗೆ ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಕುದುರೆ ಬಾಲದ ಕೂದಲಿಂದ ಚುಚ್ಚಿ ಬಿಡಿಸಿದೆ. ಆ ಕೂದಲು ಕಿತ್ತದ್ದಕ್ಕೆ ಜಟಕಾದವನು ನನಗೆ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. ಬಸ್ಸಿನ ಯಜಮಾನರು ತಾವು ಬಚ್ಚಿಟ್ಟಿದ್ದ ಪೆಟ್ರೋಲಿನಲ್ಲಿ ಒಂದೆರಡು ಸೀಸೆ ಕೊಟ್ಟರು. ಆದರೆ ಈ ಜಾತಿಯ ಮೋಟರಿಗೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬೆರೆಸಬೇಕು. ಯುದ್ಧದಲ್ಲಿ ಮೋಟರೆಣ್ಣೆ ಎಲ್ಲಿಂದ ತರೋದು? ಹರಳೆಣ್ಣೆಯಾದರೂ ನಡೆಯುತ್ತೆ ಅಂತ ಹಳೇ ಡ್ರೈವರೊಬ್ಬರು ಹೇಳಿದರು. ಮಾವನ ಮನೆಯಲ್ಲೇ ಇದ್ದ ನನ್ನ ಅಜ್ಜಿ ವರ್ಷಕ್ಕಾಗುವಷ್ಟು ಹರಳೆಣ್ಣೆ ಕಾಯಿಸಿಡುತ್ತಿದ್ದಳು. ಹೋಗಿ ಎರಡು ಸೇರು ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಡು ಸೇರಾ? ಒಂದು ಚಮಚ ಸಾಕು ಕಣ್ಮಗ."

"ನನಗಲ್ಲ ಅಜ್ಜಿ, ಮಿಸೀನಿಗೆ."

"ನಾಚ್ಕಬ್ಯಾಡ ಬುಡು, ಎಲ್ರಿಗೂ ಆಯ್ತದೆ," ಅಂದು ಅಳೆದು ಕೊಟ್ಟಳು. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಬಾಗಿಲ ತನಕ ಬಂದು ಬೆನ್ನು ಸವರಿದಳು. "ಕುಡಿದ ಮ್ಯಾಕೆ ಬಸ್ಸು ಮಾತ್ರ ಅತ್ಬ್ಯಾಡ."

ಮಾತು ಅಲ್ಲಿಗೇ ನಿಲ್ಲುತ್ತದೆಯೇ? ಮೂರನೇ ದಿನ ನನ್ನವ್ವ ಊರಿಂದ ಅಳುತ್ತಾ ಷೆಡ್ಡಿಗೆ ಬಂದಳು. ಬಂದವಳು ಬಸ್ಸಿನ ಕೆಳಗಿನಿಂದ ನನ್ನ ಕಾಲು ಹಿಡಿದು ಎಳೆದು, ನಿಲ್ಲಿಸಿ, ಹೊಟ್ಟೆ ಮುಟ್ಟಿ ನೋಡಿದಳು.

"ಎಲ್ಡು ಸೇರು ಕುಡ್ದು ಎಂಗ್ಲಾ ಬದುಕಿದ್ದೀಯೆ?"

ಕಬ್ಬಿನ ಹಾಲು

ಇಂಥ ಮೋಟರನ್ನು ನೀರಿಲ್ಲದೆ ಓಡಿಸುವಂತಿಲ್ಲ. ತನ್ನ ಕಾಲಿನಿಂದಲೇ ನೀರು ಎಳೆದುಕೊಂಡು ಅದು ಮೈ ತಂಪು ಮಾಡಿಕೊಳ್ಳುತ್ತೆ. ಅದಕ್ಕೇ ಆಲೆಮನೆಯಲ್ಲಿ ದೊಡ್ಡ ಪೀಪಾಯಿಯೊಂದನ್ನು ತುಂಬಿಸಿಡು ಮಾವ, ಅಲ್ಲೇ ಓಡಿಸಿ ನೋಡೋಣ, ಅಂದಿದ್ದೆ. ಏನು ತುಂಬಿಸಬೇಕು ಅಂತ ಹೇಳಿರಲಿಲ್ಲ. ಹೇಳಬೇಕು ಅಂತ ಯಾವ ಫಿಟ್ಟರಿಗಾದರೂ ಹೊಳೆಯುತ್ತಾ?

ಮೋಟರನ್ನು ಪೀಪಾಯಿಯ ಅಂಚಿಗೆ ಬಿಗಿದು, ಚಕ್ರಕ್ಕೆ ಹಗ್ಗ ಸುತ್ತಿ ಎಳೆದೆ. ಇಲ್ಲ. ಆರು ಸಲ ಎಳೆದೆ, ರಟ್ಟೆ ಬಿದ್ದುಹೋಯಿತು. ಏಳನೆಯದಕ್ಕೆ ಢಮಢಮ ಅಂತ ಹೊತ್ತಿಕೊಂಡಿತು ನೋಡಿ, ಗಾಣದ ಎತ್ತುಗಳು ನೊಗ ಕಿತ್ತುಕೊಂಡು ಗದ್ದೆಗೆ ಓಡಿದವು. ಹರಳೆಣ್ಣೆಯ ಹೊಗೆ ಆಲೆಮನೆ ತುಂಬಿತು. ಮಾವನ ಕಣ್ಣಲ್ಲಿ ನೀರು. ಅದು ಹೊಗೆಗೋ ಸಂತೋಷಕ್ಕೋ ಗೊತ್ತಿಲ್ಲ. ಪೀಪಾಯಿಯಿಂದ ನೊರೆ ಎದ್ದು ನನ್ನ ಮುಖಕ್ಕೆ ಸಿಡಿಯಿತು. ತುಟಿ ನೆಕ್ಕಿದೆ. ಸಿಹಿ.

ಬಗ್ಗಿ ಪೀಪಾಯಿಯೊಳಗೆ ನೋಡಿದೆ.

"ಮಾವ, ಪೀಪಾಯಿಗೆ ಏನು ಹುಯ್ಸಿದ್ದೀಯ?"

"ಕಬ್ಬಿನ ಆಲು. ಆಲೆಮನೆಗೆ ಬಂದ ನೆಂಟ್ರಿಗೆಲ್ಲ ಅದ್ನೇ ಕೊಡ್ತೀವಿ. ಮದ್ಲು ಸಲ ಓಡೋ ಮಿಸೀನಿಗೆ ಬರೀ ನೀರು ಕುಡ್ಸಾಕಾಯ್ತದ?"

ಅಷ್ಟರಲ್ಲಿ ಮೋಟರು ಗೊರಗೊರ ಅಂದು ನಿಂತೇಹೋಯಿತು. ಮಾರನೆಯ ದಿನ ಬಿಚ್ಚಿದರೆ ನೀರು ಹರಿಯುವ ದಾರಿಯೆಲ್ಲ ಬೆಲ್ಲ. ಗೋಡೆಯಿಂದ ಮೋಟರಿನ ತನಕ ಇರುವೆ ಸಾಲು. ನಾನು ಉಳಿಯಲ್ಲಿ ಕೆತ್ತಿ ತೆಗೆದ ಚೂರನ್ನು ಮಾವ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದ.

"ಪಾಕ ಒಸಿ ಏರ್ಬುಟ್ಟದೆ ಕಣ್ಲಾ," ಅಂದ.

ನಾಲ್ಕು ದಿನ ಬಿಸಿನೀರು ಹುಯ್ದು ಹುಯ್ದು ಬೆಲ್ಲ ಕರಗಿಸಿದೆ. ಬಿಸಿನೀರು ತಂದುಕೊಡುತ್ತಿದ್ದವಳು ಮಾವನ ಮಗಳು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಬಿಂದಿಗೆ ಇಳಿಸಿ, ಯಾರೂ ಇಲ್ಲದ್ದು ನೋಡಿ, ಮೆಲ್ಲಗೆ ಹೇಳಿದಳು.

"ಉಗಾದಿಗೆ ಸೋಮನಳ್ಳಿಯೋರು ಬತ್ತಾವ್ರೆ ಬಾವ. ಬಿರ್ರನೆ ತೊಳಿ."

ಕೊಪ್ಪರಿಗೆ ಸವಾರಿ

ಉಗಾದಿ ಮಾರನೆಯ ದಿನ, ಬಾಡೂಟದ ಹೊಸತೊಡಕಿಗೆ, ಊರೆಲ್ಲ ಕೆರೆ ಏರಿಯ ಮೇಲೆ ಸೇರಿತ್ತು. ಸೋಮನಹಳ್ಳಿಯ ಗಂಡು, ಅವನ ಅಪ್ಪ, ನಾಲ್ಕು ಜನ ಹಿರಿಯರು ಹುಣಸೆಮರದ ನೆರಳಲ್ಲಿ ಚಾಪೆ ಮೇಲೆ ಕೂತಿದ್ದರು. ಮರಕ್ಕೆ ಒಂದು ಬಂಡೂರು ಟಗರು ಕಟ್ಟಿತ್ತು. ಗಂಡು ಯಾರೇ ಆಗಲಿ, ಟಗರು ಅದೇ ಅಂತ ಮಾವ ಮೊದಲೇ ಹೇಳಿಬಿಟ್ಟಿದ್ದ.

ಹೊಳೆ ಕಡೆಯಿಂದ ದೋಣಿ ತರಿಸೋಣ ಅಂದರೆ ಮಾವ ಒಪ್ಪಲಿಲ್ಲ. ಇನ್ನೊಬ್ಬರ ದೋಣಿಗೆ ತನ್ನ ಮಿಸೀನು ಯಾಕೆ ಕಟ್ಟಬೇಕು ಅಂತ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಕೊಪ್ಪರಿಗೆಯನ್ನು ಎಂಟು ಜನರಿಂದ ಹೊರಿಸಿ ತಂದು ಕೆರೆಗೆ ಇಳಿಸಿದ.

"ಮಾವ, ಕೊಪ್ಪರಿಗೆ ದುಂಡಗಿದೆ. ಮೋಟರು ತಳ್ಳಿದರೆ ಮುಂದಕ್ಕೆ ಹೋಗಲ್ಲ, ಗಿರಗಿರ ಸುತ್ತುತ್ತೆ."

"ನಮ್ಮೆತ್ತು ದಿನಾ ಗಾಣ ಸುತ್ತಲ್ವ? ಏನಾಯ್ತು ಅದ್ಕೆ? ನಡಿ."

ಮೋಟರು ಒಂದು ಅಂಚಿಗೆ, ಅದರ ಪಕ್ಕ ನಾನು. ಎದುರು ಅಂಚಿಗೆ ತೂಕ ಬೇಕಲ್ಲ, ಅಲ್ಲಿ ಮಾವನೇ ಕೂತ. ತಲೆಗೆ ಜರಿ ಪೇಟ. ನಾನು ಹಗ್ಗ ಎಳೆದೆ. ಪಾಪಿ ಮೋಟರು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

ಆಮೇಲೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ತಲೆ ಸುತ್ತುತ್ತೆ. ಏರಿ, ಹುಣಸೆಮರ, ಟಗರು, ಬೀಗರು, ಮತ್ತೆ ಏರಿ, ಹುಣಸೆಮರ, ಟಗರು, ಬೀಗರು. ಮಾವ ಮರ್ಯಾದೆ ಬಿಡಲಿಲ್ಲ. ಮೊದಲ ಸುತ್ತಿಗೆ ಬೀಗರ ಎದುರು ಬಂದಾಗ "ಬನ್ನಿ" ಅಂದ. ಎರಡನೇ ಸುತ್ತಿಗೆ "ಕೂತ್ಕಳಿ" ಅಂದ. ಮೂರನೇ ಸುತ್ತಿಗೆ ಕೈ ಮಾತ್ರ ಎತ್ತಿದ. ನಾಲ್ಕನೆಯದಕ್ಕೆ ಎರಡು ಕೈಯಲ್ಲೂ ಕೊಪ್ಪರಿಗೆಯ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದ.

"ನಿಲ್ಸ್ಲಾ," ಅಂದ.

ನಿಲ್ಲಿಸುವ ಹಿಡಿ ಎಂದೋ ಮುರಿದು ಹೋಗಿತ್ತು. ಎರಡು ತಿಂಗಳು ಇದನ್ನು ಓಡಿಸುವುದು ಹೇಗೆ ಅಂತ ಒದ್ದಾಡಿದ ನಾನು ನಿಲ್ಲಿಸುವುದು ಹೇಗೆ ಅಂತ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಪ್ಲಗ್ಗಿನ ವೈರು ಕಿತ್ತರೆ ನಿಲ್ಲುತ್ತೆ ಅಂತ ಕೈ ಹಾಕಿದೆ. ಹಲ್ಲಿಂದ ಹಿಮ್ಮಡಿ ತನಕ ಕರೆಂಟಿನ ಒಂದು ಏಟು ಬಿತ್ತು. ನಾನು ಕಿರುಚಿದೆ. ನಾನು ಕಿರುಚಿದ್ದು ಕೇಳಿ ಮಾವನೂ ಕಿರುಚಿದ. ಇನ್ನೊಂದು ಸಲ ಮುಟ್ಟುವ ಧೈರ್ಯ ಬರಲಿಲ್ಲ. ಮೋಟರಿಗೆ ಉಸಿರು ಕಟ್ಟಿಸಬೇಕು, ಬೇರೆ ದಾರಿಯಿಲ್ಲ. ಕೈಗೆ ಬಟ್ಟೆ ಅಂತ ಸಿಕ್ಕಿದ್ದು ಮಾವನ ತಲೆಯ ಮೇಲಿದ್ದದ್ದೇ. ಜರಿ ಪೇಟವನ್ನು ಕಿತ್ತು ಕಾರ್ಬೊರೇಟರಿನ ಬಾಯಿಗೆ ತುರುಕಿದೆ. ಮೋಟರು ಒಂದು ಗೇಣು ಪೇಟ ನುಂಗಿ, ಕೆಮ್ಮಿ, ಸತ್ತಿತು.

ಸೋಮನಹಳ್ಳಿಯ ಹಿರಿಯರು ಎದ್ದು ಚಾಪೆ ಸುತ್ತಿಟ್ಟರು.

"ಗೌಡ್ರೆ, ನಾವು ನೆಲದ ಮ್ಯಾಲೆ ಓಡಾಡೋ ಜನ," ಅಂದರು ಗಂಡಿನ ಅಪ್ಪ. "ನಿಮ್ಮ ಸಂಬಂಧ ನಮ್ಗೆ ತಡಿಯಾಕಿಲ್ಲ." ಊಟಕ್ಕೂ ನಿಲ್ಲದೆ ಹೊರಟರು.

ಮಾವನನ್ನು ನಾಲ್ಕು ಜನ ಎತ್ತಿ ದಡಕ್ಕೆ ತಂದರು. ನೆಲ ಇನ್ನೂ ಸುತ್ತುತ್ತಿದೆ ಅಂತ ಹುಲ್ಲು ಹಿಡಿದುಕೊಂಡು ಮಲಗಿಬಿಟ್ಟ. ಬರಿ ತಲೆ. ಅವನ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಊರಿನ ಹಿರಿಯರೊಬ್ಬರು ಮಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದರು.

"ಮಿಸೀನು ಓಡ್ತಲ್ಲಪ್ಪ, ಊರೇ ನೋಡ್ತು. ಈಗ ಎಣ್ಣಿನ ಮಾತು ಏನು?"

ಮಾವ ಕಣ್ಣು ಬಿಡದೆಯೇ ನಾನಿದ್ದ ಕಡೆಗೆ ಕೈ ತೋರಿಸಿದ.

"ಎಣ್ಣು ಅವ್ನಿಗೇ. ಆದ್ರೆ ಎಣ್ಣಿನ ಜತೆಗೇ ಈ ಮಿಸೀನ್ನೂ ತಕ್ಕಂಡೋಗ್ಬೇಕು. ಮಗಳು ಬೇಕಾದ್ರೆ ಹಬ್ಬ ಹಬ್ಬಕ್ಕೂ ತವರಿಗೆ ಬರ್ಲಿ. ಮಿಸೀನು ಬರ್ಕೂಡ್ದು."