ನಕ್ಷೆಗೆ ಸಿಕ್ಕ ನಾಲ್ಕನೆಯ ಕೋಣೆ

ಅಳತೆಯ ವಿಷಯದಲ್ಲಿ ನನ್ನನ್ನು ಮೋಸಗೊಳಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆಸಿ ನಿವೃತ್ತನಾದವನು ನಾನು. ಆದ್ದರಿಂದ, ನನ್ನದೇ ಮನೆಯಲ್ಲಿ ಒಂದು ಇಡೀ ಕೋಣೆ ಇಷ್ಟು ವರ್ಷ ತಲೆಮರೆಸಿಕೊಂಡಿದೆ ಎಂದು ತಿಳಿದ ದಿನ, ಅದನ್ನು ಬಯಲಿಗೆಳೆದೇ ತೀರುವೆನೆಂದು ಪ್ರತಿಜ್ಞೆ ಮಾಡಿದೆ.

ತಿಳಿಸಿದ್ದು ಒಂದು ಯಂತ್ರ. ಮಗಳು ಮೃಣಾಲಿನಿ ಮಣಿಕೊಂಡದ ತನ್ನ ಮನೆಯಿಂದ ತಂದುಕೊಟ್ಟದ್ದು. ತಾನೇ ಓಡಾಡಿ ಕಸ ಗುಡಿಸುತ್ತದೆ. ತಟ್ಟೆಯಂಥ ಅದರ ನೆತ್ತಿಯ ಮೇಲೊಂದು ಲೇಸರ್ ಕಣ್ಣು. ಅದು ಮನೆಯನ್ನು ಅಳೆದು ಫೋನಿನಲ್ಲಿ ನಕ್ಷೆ ಬರೆಯುತ್ತದೆ. ಹಿಮಾಯತ್‌ನಗರದ ನಮ್ಮ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿರುವುದು ಮೂರು ಕೋಣೆ. ನಕ್ಷೆಯಲ್ಲಿ ನಾಲ್ಕು! ಮಲಗುವ ಕೋಣೆಯ ಉತ್ತರಕ್ಕೆ, ಅಷ್ಟೇ ಉದ್ದಗಲದ ಇನ್ನೊಂದು.

"ಯಂತ್ರಕ್ಕ ಹುಚ್ಚು ಹಿಡದಿರಬೇಕ್ರಿ," ಎಂದಳು ಹೆಂಡತಿ ಗೋದಾವರಿ.

"ಲೇಸರ್ ಸುಳ್ಳು ಹೇಳಂಗಿಲ್ಲ! ಈಕ್ವೆಡಾರ್ ದೇಶದಾಗ ಅಡವಿ ಕೆಳಗ ಅಡಗಿದ್ದ ಎರಡೂವರೆ ಸಾವಿರ ವರ್ಷದ ಊರು ತೋರಿಸಿದ್ದು ಇಂಥಾದ್ದ ಕಿರಣ. ವಿಮಾನದಾಗಿಂದ! ೨೦೨೪ರ ಜನವರಿಯೊಳಗ ಪೇಪರಿಗೆ ಬಂದಿತ್ತು."

"ಅಲ್ಲಿ ಅಡವಿ ಇತ್ತು. ಇಲ್ಲಿ ಗ್ವಾಡಿ ಆಚೆ ಸಾವಿತ್ರಿ ಅದಾಳ."

ಪಕ್ಕದ ಫ್ಲ್ಯಾಟಿನ ಸಾವಿತ್ರಿಬಾಯಿ ಇವಳ ಇಪ್ಪತ್ತೆರಡು ವರ್ಷದ ಗೆಳತಿ. ಅಂದಮೇಲೆ ಒತ್ತುವರಿ ಮಾಡಿದವರು ಯಾರೆಂದು ಸ್ಪಷ್ಟವಾಯಿತಲ್ಲ! ನೋಟಿಸು ಬರೆಯಲು ಕುಳಿತೆ.

"ಆ ಕಾಗದ ಕೊಟ್ರ ಆಕಿ ಮತ್ತ ನಮ್ಮ ಹೊಸ್ತಿಲ ತುಳಿಯಂಗಿಲ್ಲ. ಮೊದಲ ಖಾತ್ರಿ ಮಾಡ್ಕೋರಿ!"

ಖಾತ್ರಿ ಮಾಡಿಕೊಳ್ಳಲು ಹೋಗಿ ನಡುಹಗಲಲ್ಲೇ ಹೆದರಿಹೋದೆ. ಯಂತ್ರ ಮತ್ತೆ ಮತ್ತೆ ಉತ್ತರ ದಿಕ್ಕಿಗೇ ಹೋಗಿ ಟಕ್, ಟಕ್ ಎಂದು ತಲೆ ಗುದ್ದತೊಡಗಿತು, ಒಳಗಿರುವವರು ಬಾಗಿಲು ತೆರೆಯುತ್ತಾರೆಂಬಂತೆ. ನಕ್ಷೆಯಲ್ಲಿ ನನ್ನ ಪಾದಗಳು ಎರಡು ಚುಕ್ಕೆ. ಆ ಕೋಣೆಯೊಳಗೂ ಎರಡು ಚುಕ್ಕೆ! ನಾನು ಒಂದು ಹೆಜ್ಜೆ ಮುಂದಿಟ್ಟೆ. ತುಸು ಹೊತ್ತು ಬಿಟ್ಟು ಅವೂ ನನ್ನತ್ತ ಬಂದವು. ಹಿಂದೆ ಸರಿದೆ. ಅವೂ ಸರಿದವು.

ಸಾವಿತ್ರಿಬಾಯಿ ಮನೆಯಲ್ಲಿರಲಿಲ್ಲ, ತಂಗಿಯನ್ನು ಕರೆತರಲು ಕಾಚಿಗೂಡ ಸ್ಟೇಷನ್ನಿಗೆ ಹೊರಟದ್ದನ್ನು ನಾನೇ ಕಂಡಿದ್ದೆ. ಧೈರ್ಯ ತಂದುಕೊಂಡು ಗೋಡೆಗೆ ಎರಡು ಸಲ ಬಡಿದೆ.

ಆಚೆಯಿಂದ ಎರಡು ಸಲ ಉತ್ತರ ಬಂತು!

"ಅಯ್ಯ ಶಿವನ, ಆ ಖೋಲ್ಯಾಗ ಯಾರೋ ಅದಾರ್ರಿ!" ಗೋದಾವರಿ ವಿಭೂತಿ ತಂದು ನನ್ನ ಹಣೆಗೂ ಯಂತ್ರದ ಬೆನ್ನಿಗೂ ಬಳಿದಳು.

ಮರುದಿನ ಬೆಳಿಗ್ಗೆ ನೋಟಿಸನ್ನು ಸಾವಿತ್ರಿಬಾಯಿಯವರ ಬಾಗಿಲಡಿ ತೂರಿಸಿ, ಯಾದಗಿರಿ ಕಡೆಯ ಗೌಂಡಿ ಹುಲಗೇಶನನ್ನು ಕರೆಸಿದೆ. ಅವನು ಉತ್ತರದ ಗೋಡೆಗೆ ನಿಲ್ಲಿಸಿದ್ದ ಆಳೆತ್ತರದ ಕನ್ನಡಿಯನ್ನು ಎತ್ತಿ ದಕ್ಷಿಣದ ಗೋಡೆಗೆ ಒರಗಿಸಿ, ಉಳಿ ಸುತ್ತಿಗೆ ಹಿಡಿದ. ಅಂಗೈಯಗಲದ ತೂತಾಯಿತು. ಬಗ್ಗಿ ನೋಡಿದೆ.

ಕತ್ತಲೊಳಗಿನಿಂದ ಒಂದು ಕಣ್ಣು ನನ್ನನ್ನೇ ದಿಟ್ಟಿಸುತ್ತಿತ್ತು!

ನಾನು ಕಿರುಚಿದೆ. ಕಣ್ಣೂ ಕಿರುಚಿತು.

"ಗೋದಾವರೀ! ರೈಲು ತಡ ಅಂತ ನಿನ್ನೆ ಅರ್ಧದಾರಿಯಿಂದ ತಿರುಗಿ ಬಂದಿದ್ದೆ. ನೀ ಗ್ವಾಡಿ ಬಡದಿ, ನಾನೂ ಬಡದು ಓ ಅಂದೆ. ಸಾಲಲಿಲ್ಲೇನ? ನನ್ನ ಅಡಗಿಮನಿನ ಒಡಸ್ತೀಯೇನ?"

ಹಿಟ್ಟು ಮೆತ್ತಿದ ಕೈಯಲ್ಲಿ ನನ್ನ ನೋಟಿಸು ಹಿಡಿದು ಸಾವಿತ್ರಿಬಾಯಿ ನಮ್ಮ ಮನೆಗೇ ಬಂದರು. "ಅಣ್ಣಾವ್ರ, ನಾ ಕಳ್ಳಿ ಏನ್ರಿ?"

"ದಾಖಲೆ ಐತಿ!" ಎಂದು ಗರ್ಜಿಸಿ ಯಂತ್ರವನ್ನು ಮತ್ತೆ ಓಡಿಸಿದೆ. ನಾಲ್ವರೂ ಫೋನಿಗೆ ಬಾಗಿದೆವು. ಉತ್ತರಕ್ಕೆ ಬರಿಯ ಗೋಡೆ. ಆ ಕೋಣೆ ಈಗ ದಕ್ಷಿಣಕ್ಕೆ ಹಾರಿ ಕುಳಿತಿತ್ತು! ದಕ್ಷಿಣದಲ್ಲಿ ನಮ್ಮ ಕಿಟಕಿಯಾಚೆ ಇರುವುದು ಗಾಳಿ. ಮೂವತ್ತೆರಡು ಅಡಿ ಕೆಳಗೆ ರಸ್ತೆ.

ಹುಲಗೇಶ ತಲೆ ಕೆರೆದುಕೊಂಡ. "ಸಾಹೇಬ್ರ, ಇದು ಕನ್ನಡ್ಯಾಗಿನ ಖೋಲಿ ಬರಕೊಂಡೈತ್ರಿ. ಒಳಗ ಅಡ್ಡಾಡಿದ ಕಾಲೂ ನಿಮ್ಮವ ಇರಬೇಕ್ರಿ."

ನೋಟಿಸನ್ನು ನಾನೇ ಸಾವಿತ್ರಿಬಾಯಿಯವರ ಕೈಯಿಂದ ಇಸಿದುಕೊಂಡು ಹರಿದೆ, ನಾಲ್ಕು ಸಮ ಭಾಗವಾಗಿ. ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಗೋದಾವರಿ ಮಾತ್ರ ನಗಲಿಲ್ಲ. ಸಾವಕಾಶವಾಗಿ ದಕ್ಷಿಣದ ಕಿಟಕಿ ತೆರೆದಳು.

"ಬರ್ರಿ, ಈ ಖೋಲಿನೂ ಅಳದು ಬಿಡೂಣು. ಟೇಪಿನ ಈ ತುದಿ ನಾ ಹಿಡಕೋತೀನಿ. ಆ ತುದಿ ಹಿಡದು ನೀವು ಮುಂದ ನಡೀರಿ!"