ಐವತ್ತರ ಬಿಸಿ

ಎಲ್ಲಕ್ಕೂ ಕಾರಣ ಒಂದು ಅಂಕಿ. ಜನವರಿಯ ಒಂದು ಶನಿವಾರ ಬೆಳಗ್ಗೆ ಆರಕ್ಕೆ ಎಲ್ರಾಯ್ ಹಾಲೊನೆನ್ ತನ್ನ ಕಂಪ್ಯೂಟರಿನ ಒಳಸೆಟ್ಟಿಂಗಿನ ಪರದೆ ತೆರೆದು, ನಲವತ್ತೇಳು ಎಂದಿದ್ದ ಜಾಗದಲ್ಲಿ ಐವತ್ತು ಎಂದು ಒತ್ತಿದ.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರು ಎಷ್ಟು ವೇಗವಾಗಿ ಮಿಡಿಯಬೇಕೆಂದು ತಯಾರಿಸಿದವರೇ ಒಂದು ಲೆಕ್ಕ ಹಾಕಿ ಕಳಿಸಿರುತ್ತಾರೆ. ಸುಮ್ಮನಿರಲಾರದ ಕೆಲವರು ಅದನ್ನು ಇನ್ನಷ್ಟು ಓಡಿಸಿ ನೋಡುತ್ತಾರೆ. ನಮ್ಮ ಡುಲೂತ್ ಊರಿನಲ್ಲಿ ಅಂಥವರು ಇಪ್ಪತ್ತೆರಡು ಜನ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಪಂದ್ಯ, ಈ ವರ್ಷದ್ದು ಅದೇ ಶನಿವಾರ. ಯಂತ್ರವನ್ನು ಐವತ್ತರಲ್ಲಿಟ್ಟು, ಅಂದರೆ ಐದು ಗಿಗಾಹರ್ಟ್ಸಿನಲ್ಲಿ, ಒಂದು ಗಂಟೆ ಎಡೆಬಿಡದೆ ದುಡಿಸಬೇಕು. ಸಾಕ್ಷಿಯ ಚಿತ್ರವನ್ನು ಸಂಜೆ ಐದರೊಳಗೆ ಕಳಿಸಬೇಕು. ಇಪ್ಪತ್ತೊಂದು ಜನ ಇದನ್ನು ಎಂದೋ ಮಾಡಿ ಮುಗಿಸಿದ್ದರು. ಎಲ್ರಾಯ್‌ನ ಹೆಸರಿನ ಮುಂದೆ ಮಾತ್ರ ಮೂರು ವರ್ಷದಿಂದ ‘ಪೂರೈಸಲಿಲ್ಲ’ ಎಂದೇ ಇತ್ತು. ವಾರವಿಡೀ ಟೈರ್ ಅಂಗಡಿಯ ಕೌಂಟರಿನಲ್ಲಿ ನಿಂತು ಗಿರಾಕಿಗಳಿಂದ ಬೈಸಿಕೊಳ್ಳುವ ಮನುಷ್ಯನಿಗೆ ಈ ಒಂದು ಪದವನ್ನು ಅಳಿಸುವುದು ಬಿಟ್ಟರೆ ಬೇರೆ ದೊಡ್ಡ ಆಸೆಯಿರಲಿಲ್ಲ.

ಮೊದಲ ಓಟ ಒಂಬತ್ತೇ ನಿಮಿಷಕ್ಕೆ ನಿಂತು ಪರದೆ ನೀಲಿಯಾಯಿತು. ವೋಲ್ಟೇಜ್ ಸ್ವಲ್ಪ ಏರಿಸಿದ. ಹದಿನಾರು ನಿಮಿಷ ಓಡಿತು, ಆದರೆ ಪ್ರೊಸೆಸರು ಒಲೆಯ ಮೇಲಿನ ಕಾವಲಿಯ ಹಾಗೆ ಕಾಯ್ದು ಮತ್ತೆ ಮಲಗಿತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ, ಸರೋವರದ ಕಡೆಯಿಂದ ಗಾಳಿ. ದೇವರೇ ಪುಕ್ಕಟೆಯಾಗಿ ಕೊಟ್ಟ ತಂಪು ಎಂದುಕೊಂಡ ಎಲ್ರಾಯ್ ಕಿಟಕಿ ತೆರೆದು, ಕೋಟು, ಟೋಪಿ, ಕೈಗವಸು ಹಾಕಿಕೊಂಡು ಕುಳಿತ. ಹೀಗೇ ಏರಿಸುತ್ತ ಇಳಿಸುತ್ತ ಹತ್ತು ಗಂಟೆಯಾಯಿತು. ಆಗ ಯಾರೋ ಬಾಗಿಲು ಬಡಿದರು.

ಮೇಲಿನ ಮನೆಯ ವಿಧವೆ ಆರ್ಲಿಸ್ ಟೊಲೆಫ್ಸನ್. ತಲೆಯಿಂದ ಕಾಲಿನವರೆಗೆ ರಜಾಯಿ ಹೊದ್ದು ಬಂದಿದ್ದರು.

“ಎಲ್ರಾಯ್, ನಿನ್ನ ಮನೇಲೂ ರೇಡಿಯೇಟರ್ ತಣ್ಣಗಿದ್ಯೇನಪ್ಪಾ? ನೆಲಮಾಳಿಗೆಯ ಬಾಯ್ಲರ್ ಸತ್ತುಹೋಗಿದೆ ಅನ್ಸುತ್ತೆ, ಇಡೀ ಕಟ್ಟಡ ತಣ್ಣಗಾಗಿದೆ. ರಿಪೇರಿಯವನಿಗೆ ಫೋನ್ ಮಾಡಿದ್ರೆ ಸಂಜೆ ಬರ್ತಾನಂತೆ.”

“ನಾನು ಗಮನಿಸ್ಲೇ ಇಲ್ಲ, ಮಿಸೆಸ್ ಟೊಲೆಫ್ಸನ್.”

“ಕಿಟಕಿ ತೆಗೆದಿಟ್ಕೊಂಡು ಕೂತ್ರೆ ಹೇಗಪ್ಪಾ ಗೊತ್ತಾಗುತ್ತೆ? ತಲೆಗಿಲೆ ಕೆಟ್ಟಿದ್ಯಾ?” ಎನ್ನುತ್ತ ಅವರೇ ಬಂದು ಕಿಟಕಿ ಮುಚ್ಚಿದರು. ಹಿಂತಿರುಗುವಾಗ ಯಂತ್ರದ ಬೆನ್ನಿನಿಂದ ಹೊರಡುತ್ತಿದ್ದ ಬಿಸಿಗಾಳಿ ಕೈಗೆ ತಗುಲಿತು. ಅವರ ಮುಖ ಅರಳಿತು. “ಅಯ್ಯೋ, ಎಷ್ಟು ಹಿತವಾಗಿದೆ! ನಾನು ಹೆಣಿಗೆ ತಗೊಂಡು ಇಲ್ಲೇ ಬರ್ತೀನಿ, ಆಗ್ಬಹುದಾ?”

ಅರ್ಧ ಗಂಟೆಯಲ್ಲಿ ಹೆಣಿಗೆ ಬಂತು, ಕುರ್ಚಿ ಬಂತು, ಜೊತೆಗೆ ಅದೇ ಕಟ್ಟಡದ ಎದುರುಮನೆಯ ಡ್ವೇನ್ ಪ್ರೆಬಿಚ್ ಕೂಡ ಬಂದ. ಮೂವತ್ತು ವರ್ಷ ಅದಿರಿನ ರೈಲು ಓಡಿಸಿ ನಿವೃತ್ತನಾದವನು. ಸದ್ದು ಮಾಡುವ ಯಾವ ಯಂತ್ರ ಕಂಡರೂ ಅದಕ್ಕೆ ಕಿವಿಗೊಟ್ಟು ರೋಗ ಹೇಳುವುದು ಅವನ ಚಟ. ಅವನ ಹಿಂದೆ ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ಕಂಬಳಿ ಸಮೇತ ಬಂದು ಕುಳಿತರು.

“ಇವತ್ತು ನೀನಿಲ್ದಿದ್ರೆ ನಾವೆಲ್ಲ ಹೆಪ್ಪುಗಟ್ಟಿ ಹೋಗ್ತಿದ್ವಿ, ಎಲ್ರಾಯ್,” ಎಂದರು ಆರ್ಲಿಸ್.

“ಛೇ, ಅದೇನು ಮಹಾ,” ಎಂದ ಎಲ್ರಾಯ್. ನಮ್ಮ ಕಡೆ ಹೊಗಳಿಕೆಗೆ ಅಷ್ಟೇ ಉತ್ತರ. ಅದಕ್ಕಿಂತ ಹೆಚ್ಚು ಹೇಳಿದವನನ್ನು ಜಂಬದವನು ಅನ್ನುತ್ತಾರೆ. ಆದರೆ ಅವನ ಕಿವಿ ಕೆಂಪಾಗಿತ್ತು. ಅವನು ಈ ಮನೆಗೆ ಬಂದ ಎರಡು ವರ್ಷದಲ್ಲಿ ಈ ಜನ ಅವನೊಡನೆ ಆಡಿದ್ದೆಂದರೆ ‘ನಿನ್ನ ಫ್ಯಾನಿನ ಸದ್ದು ಕಮ್ಮಿ ಮಾಡು’ ಎಂಬ ಒಂದೇ ಮಾತು.

ಕಿಟಕಿ ಮುಚ್ಚಿದ್ದರಿಂದ ಯಂತ್ರ ಕಾಯ್ದು ಪರದೆ ಮತ್ತೆ ನೀಲಿಯಾಯಿತು. ಕೋಣೆಯಲ್ಲಿ ಹಾಹಾಕಾರ.

“ಏದುಸಿರು ಬಿಡ್ತಾ ಇದೆ ಕಣೋ,” ಡ್ವೇನ್ ಯಂತ್ರಕ್ಕೆ ಕಿವಿ ಹಚ್ಚಿದ. “ಇಂಜಿನ್ ದಿಬ್ಬ ಹತ್ತಲ್ಲ ಅಂದ್ರೆ ಎಣ್ಣೆ ಜಾಸ್ತಿ ಕುಡಿಸ್ಬೇಕು.”

ಎಲ್ರಾಯ್ ವೋಲ್ಟೇಜನ್ನು ಇನ್ನೆರಡು ಮೆಟ್ಟಿಲು ಏರಿಸಿದ, ಅದೇ ಕೈಯಲ್ಲಿ ಮೆಮೊರಿಯ ವೇಗವನ್ನೂ ಬದಲಿಸಿದ. ಈ ಸಲ ಪರದೆ ನೀಲಿಯೂ ಆಗಲಿಲ್ಲ, ಪೂರ್ತಿ ಕಪ್ಪಾಯಿತು. ಹಳೆಯ ಲೆಕ್ಕವೆಲ್ಲ ಮರೆಯಲಿ ಎಂದು ಯಂತ್ರದ ಪಕ್ಕೆ ಬಿಚ್ಚಿ, ಒಳಗಿನ ಗುಂಡಿಯಂಥ ಬ್ಯಾಟರಿ ತೆಗೆದ. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಅವರಿಗೆ ಬೇಕಾದದ್ದು ಬಿಸಿ, ಇವನಿಗೆ ಬೇಕಾದದ್ದು ಐವತ್ತು. ಪ್ರಾರ್ಥನೆ ಮಾತ್ರ ಒಂದೇ.

ಆರ್ಲಿಸ್ ಇಷ್ಟು ಹೊತ್ತು ಸೂಜಿಯ ಮೇಲಿಂದ ನೋಡುತ್ತಿದ್ದರು. “ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಕೇಕ್ ಕೆಟ್ರೆ ನಾನು ಸಕ್ಕರೆ, ಉರಿ ಎರಡನ್ನೂ ಒಟ್ಟಿಗೆ ಬದಲಾಯ್ಸಲ್ಲ. ಯಾವುದ್ರಿಂದ ಕೆಟ್ತು ಅಂತ ಆಮೇಲೆ ಹೇಗಪ್ಪಾ ಗೊತ್ತಾಗ್ಬೇಕು?”

ಎಲ್ರಾಯ್ ಅವರನ್ನೇ ನೋಡಿದ. ಮೂರು ವರ್ಷದಲ್ಲಿ ಸಂಘದ ಒಬ್ಬನೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಬ್ಯಾಟರಿ ವಾಪಸು ಹಾಕಿದ, ಪರದೆ ಬೆಳಗಿತು, ಮತ್ತೆ ನಲವತ್ತೇಳರಿಂದ ಶುರುವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಏರಿಸಿದ್ದನ್ನೆಲ್ಲ ಆರ್ಲಿಸ್ ಹೆಣಿಗೆಯ ನಮೂನೆ ಪುಸ್ತಕದ ಅಂಚಿನಲ್ಲಿ ಬರೆದಿಟ್ಟರು. ನಲವತ್ತೆಂಟರಲ್ಲಿ ಎಡವದೆ ಓಡಿತು. ನಲವತ್ತೊಂಬತ್ತರಲ್ಲಿ ತೊದಲಿತು, ವೋಲ್ಟೇಜ್ ಒಂದೇ ಮೆಟ್ಟಿಲು ಏರಿಸಿದ ಮೇಲೆ ಸರಿಹೋಯಿತು. ಡ್ವೇನ್ ಅಂಗಳದಿಂದ ಬಕೆಟ್ಟಿನ ತುಂಬ ಹಿಮ ತುಂಬಿ ತಂದು ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿಯ ಮುಂದಿಟ್ಟ. ಮುಂದಿನಿಂದ ತಂಪು, ಹಿಂದಿನಿಂದ ಬಿಸಿ. ಮೂರು ಐವತ್ತಕ್ಕೆ ಯಂತ್ರ ಐವತ್ತರಲ್ಲಿ ಓಡತೊಡಗಿತು.

ಹತ್ತು ನಿಮಿಷ. ಇಪ್ಪತ್ತು. ನಲವತ್ತು. ಅಷ್ಟರಲ್ಲಿ ಆರ್ಲಿಸ್ ಆಲೂಗೆಡ್ಡೆ, ಕೈಮಾ ಹಾಕಿ ಬೇಯಿಸಿದ ಹಾಟ್‌ಡಿಷ್ ತಂದಿಟ್ಟು, ಎಲ್ಲರೂ ಕೈ ಕೈ ಹಿಡಿದುಕೊಳ್ಳುವಂತೆ ಹೇಳಿದರು. “ಪ್ರಭುವೇ, ಈ ಊಟಕ್ಕಾಗಿ, ಈ ಬೆಚ್ಚನೆಯ ಕೋಣೆಗಾಗಿ, ಅದಕ್ಕಿಂತ ಹೆಚ್ಚಾಗಿ ನಮ್ಮ ಎಲ್ರಾಯ್‌ಗಾಗಿ ನಿನಗೆ ವಂದನೆ.” ಇಂಥ ನೆರೆಹೊರೆಯನ್ನು ಕೊಟ್ಟದ್ದಕ್ಕೆ ಎಲ್ರಾಯ್ ಕೂಡ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

“ಆಮೆನ್,” ಎಂಬ ಹೊಸ ದನಿಯೊಂದು ಬಾಗಿಲಲ್ಲಿ ಕೇಳಿಸಿತು. ಬಾಯ್ಲರ್ ರಿಪೇರಿಯ ಆನ್ಸೆಲ್ ಕ್ವಾಲೆ ನೆಲಮಾಳಿಗೆಯಿಂದ ಹತ್ತಿ ಬಂದಿದ್ದ. “ಬಾಯ್ಲರ್‌ಗೆ ಏನೂ ಆಗಿಲ್ಲ. ಮನೆಯೆಲ್ಲ ಬೆಚ್ಚಗಿದೆ ಅಂತ ಯಾರೋ ಅದಕ್ಕೆ ಸುಳ್ಳು ಹೇಳ್ತಾ ಇದಾರೆ, ಅದಕ್ಕೇ ಹೊತ್ಕೊಳ್ತಿಲ್ಲ. ಥರ್ಮೋಸ್ಟಾಟ್ ಎಲ್ಲಿದೆ?”

ಆ ಕಟ್ಟಡ ಹಿಂದೆ ಒಬ್ಬ ಮರದ ವ್ಯಾಪಾರಿಯ ಮನೆಯಾಗಿತ್ತು. ಆಮೇಲೆ ಅದನ್ನು ಆರು ಭಾಗ ಮಾಡಿದ್ದರು. ಎಲ್ರಾಯ್‌ಗೆ ಸಿಕ್ಕಿದ್ದು ಹಳೆಯ ನಡುಮನೆ. ಕ್ವಾಲೆ ಗೋಡೆ ಹುಡುಕುತ್ತ ಬಂದು ಯಂತ್ರದ ಬೆನ್ನ ಹಿಂದೆ ಬಗ್ಗಿದ. ಇಡೀ ಕಟ್ಟಡದ ಚಳಿ ಅಳೆಯುವ ಪೆಟ್ಟಿಗೆ ಅಲ್ಲಿತ್ತು, ಬೆಳಗಿನಿಂದ ಬಿಸಿಗಾಳಿಗೆ ಮುಖವೊಡ್ಡಿಕೊಂಡು. ಅದರ ಮುಳ್ಳು ಎಂಬತ್ತಾರು ಡಿಗ್ರಿ ಫ್ಯಾರನ್‌ಹೀಟಿನ ಮೇಲಿತ್ತು. ಅರವತ್ತೆಂಟಕ್ಕಿಂತ ಕೆಳಗಿಳಿಯದೆ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ.

ಕ್ವಾಲೆ ಎಲ್ರಾಯ್‌ನ ಕಿವಿಯಲ್ಲಿ ಹೇಳಿದ: “ನಿನ್ನ ಯಂತ್ರ ಆರಿಸು ಮಾರಾಯಾ. ಮೇಲೆ ನಲ್ಲಿ ನೀರು ಹೆಪ್ಪುಗಟ್ತಾ ಇದೆ. ಇನ್ನು ಹತ್ತು ನಿಮಿಷ ತಡ ಮಾಡಿದ್ರೆ ಪೈಪ್ ಒಡೆಯುತ್ತೆ.”

ಪರದೆಯಲ್ಲಿ ನಲವತ್ತೊಂಬತ್ತು ನಿಮಿಷವಾಗಿತ್ತು. ಎಲ್ರಾಯ್ ಪರದೆ ನೋಡಿದ, ಆರ್ಲಿಸರ ರಜಾಯಿ ನೋಡಿದ. ಎದ್ದು ನಿಂತ.

“ಎಲ್ಲರೂ ಕೇಳಿ. ನಿಮಗೆಲ್ಲ ಚಳಿಯಾಗಿದ್ದು ನನ್ನಿಂದ. ತಪ್ಪೆಲ್ಲ ನನ್ನದೇ.”

ಆರ್ಲಿಸ್ ಕಣ್ಣೊರೆಸಿಕೊಂಡರು. “ನೋಡಿದ್ರಾ? ಇಷ್ಟೆಲ್ಲ ಮಾಡಿನೂ ಎಷ್ಟು ವಿನಯ!”

“ನಾನಾಗಿದ್ರೆ ಊರೆಲ್ಲ ಡಂಗುರ ಸಾರ್ತಿದ್ದೆ,” ಎಂದ ಡ್ವೇನ್.

“ವಿನಯ ಅಲ್ಲ, ನಿಜವಾಗ್ಲೂ ನನ್ನಿಂದಲೇ…”

“ಸಾಕು ಬಿಡಪ್ಪಾ, ಊಟ ಮಾಡು.”

ಎಲ್ರಾಯ್ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ. ಫ್ಯಾನು ನಿಂತಿತು. “ಅಯ್ಯೋ, ಯಾಕೆ ಆರಿಸ್ದೆ?” ಎಂದು ಎಲ್ಲರೂ ಕೂಗಿದರು. ಥರ್ಮೋಸ್ಟಾಟ್ ತಣ್ಣಗಾಗಲೆಂದು ಕ್ವಾಲೆ ಕಿಟಕಿಯನ್ನು ಒಂದಿಷ್ಟು ತೆರೆದು ಮುಚ್ಚಿದ. ಐದು ಗಂಟೆ ಹೊಡೆಯುವ ಹೊತ್ತಿಗೆ ಕೆಳಗೆ ಬಾಯ್ಲರ್ ಗುಡುಗಿತು, ಮನೆಮನೆಯ ರೇಡಿಯೇಟರೂ ಟಕಟಕ ಎಂದು ಬಿಸಿಯಾಯಿತು.

“ನನಗೆ ಗೊತ್ತಿತ್ತು!” ಡ್ವೇನ್ ಮೇಜು ಕುಟ್ಟಿದ. “ಚಳೀಲಿ ಸತ್ತ ಕಾರನ್ನ ಪಕ್ಕದ ಕಾರಿನ ಬ್ಯಾಟರಿಯಿಂದ ಎಬ್ಬಿಸಲ್ವಾ? ಇವನ ಯಂತ್ರ ತನ್ನ ಶಕ್ತಿಯೆಲ್ಲ ಬಾಯ್ಲರ್‌ಗೆ ಕೊಟ್ಟು ಮಲಗಿದೆ. ಅಲ್ವೇನಯ್ಯಾ?”

ಕ್ವಾಲೆಯ ಬಾಯಿ ತುಂಬ ಹಾಟ್‌ಡಿಷ್ ಇತ್ತು. “ಇರ್ಬಹುದು,” ಎಂದ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ.

ಎಲ್ಲರೂ ಎಲ್ರಾಯ್‌ನ ಬೆನ್ನು ತಟ್ಟಿ, ಕೈಕುಲುಕಿ, ಕಂಬಳಿ ಮಡಚಿಕೊಂಡು ಹೊರಟರು. ಸಂಘದ ಪಟ್ಟಿ ಆರು ಗಂಟೆಗೆ ಬಂತು. ಇಪ್ಪತ್ತೊಂದು ಹೆಸರಿನ ಕೆಳಗೆ ‘ಹಾಲೊನೆನ್: ಪೂರೈಸಲಿಲ್ಲ’. ಎಲ್ರಾಯ್‌ಗೆ ನೋವಾಯಿತು, ಆದರೆ ಮನಸ್ಸು ತುಂಬಿತ್ತು. ಮೇಜನ್ನು ಬೇರೆ ಗೋಡೆಗೆ ಸರಿಸಬೇಕು, ನಾಳೆ ಸರಿಸಿದರಾಯಿತು ಎಂದುಕೊಂಡ. ಆದರೆ ಎಲ್ಲ ಅಂಕಿ ಸರಿಯಾಗಿ ಕೂತಿದೆಯಲ್ಲ, ಯಾರಿಗೂ ಕಳಿಸುವುದು ಬೇಡ, ತನಗಾಗಿ ಒಂದೇ ಒಂದು ಸಲ ನೋಡಿಬಿಡೋಣ. ಒಂದು ಗಂಟೆ ತಾನೇ? ಹೊಸದಾಗಿ ಒಂದು ಬಕೆಟ್ ಹಿಮ ತಂದಿಟ್ಟು ಗುಂಡಿ ಒತ್ತಿದ.

ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ಅರವತ್ತು ನಿಮಿಷ ತುಂಬಿತು. ‘ಯಶಸ್ವಿ’ ಎಂದು ಹಸಿರು ಅಕ್ಷರ ಮೂಡಿತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಎಲ್ರಾಯ್ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆರೆದರೆ ತಲೆಯಿಂದ ಕಾಲಿನವರೆಗೆ ರಜಾಯಿ ಹೊದ್ದ ಆರ್ಲಿಸ್, ಅವರ ಹಿಂದೆ ಡ್ವೇನ್, ಮೆಟ್ಟಿಲ ಮೇಲೆ ಉಳಿದವರ ಸಾಲು.

“ಬಾಯ್ಲರ್ ಮತ್ತೆ ಕೈಕೊಡ್ತು ಕಣಪ್ಪಾ,” ಎಂದರು ಆರ್ಲಿಸ್, ಒಳಗಿನ ಬಿಸಿಗೆ ಕೈಚಾಚುತ್ತ. “ಸದ್ಯ, ನೀನಿದ್ದೀಯಲ್ಲ!”