ಅತ್ತೆಗೆ ಅರುಂಧತಿ ಕಂಡ ಸಂಜೆ

ನಮ್ಮ ಮನೆಯವರನ್ನು ಕಟ್ಟಿಕೊಂಡು ಎಲ್ಲಿಗೇ ಹೋದರೂ ಹೋದ ಕೆಲಸ ಒಂದು, ಆಗಿ ಬರುವುದು ಇನ್ನೊಂದು. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ನಾದಿನಿಗೆ ಸಂಬಂಧ ಕುದುರಿತು. ಆ ಸಂಬಂಧದವರ ಮನೆಗೆ ಹೋದಾಗ ಚಕ್ಕುಲಿ ಕಡಿದು ನನ್ನ ಗಂಡನ ಹಲ್ಲು ಮುರಿಯಿತು. ಹಾಗಾಗಿ ಈ ಬೇಸಿಗೆಯಲ್ಲಿ ಅತ್ತೆಯನ್ನು ಕರೆದುಕೊಂಡು ನಕ್ಷತ್ರ ನೋಡಲು ಹೊರಟಾಗ, ಬರೀ ನಕ್ಷತ್ರ ನೋಡಿ ಬರುತ್ತೇವೆ ಎಂಬ ಭ್ರಮೆ ನನಗಿರಲಿಲ್ಲ.

ಭರಣಿ ನನ್ನ ಪಾಲಿಗೆ ಬಂದಿದ್ದು

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅತ್ತೆಯ ಸ್ವಾಧೀನ. ನಾನು ಮದುವೆಯಾಗಿ ಬಂದಾಗಿನಿಂದ ಅದರ ಮುಚ್ಚಳ ತೆಗೆದವಳಲ್ಲ. ನನ್ನ ಕೈ ಯಾವಾಗಲೂ ಒದ್ದೆ ಎಂಬುದು ಅವರ ಖಚಿತ ಅಭಿಪ್ರಾಯ. ಅಂಥವರು ಒಂದು ಬೆಳಿಗ್ಗೆ ಭರಣಿ ತಂದು ನನ್ನ ಮುಂದಿಟ್ಟು, "ತಂಗಿ, ಇನ್ನು ಇದು ನಿಂದು" ಎಂದರು. ನನಗೆ ಖುಷಿಯಾಗುವ ಬದಲು ಹೆದರಿಕೆಯಾಯಿತು. ಮಧ್ಯಾಹ್ನದೊಳಗೆ ರೇಷ್ಮೆ ಸೀರೆಗಳೂ ಹಂಚಿಕೆಯಾದವು.

ಕೆದಕಿ ಕೇಳಿದೆ. ಯಾರದೋ ಮನೆಯ ಸತ್ಯನಾರಾಯಣ ಕಥೆಯ ಊಟದಲ್ಲಿ ಪಕ್ಕ ಕುಳಿತವರು ಹೇಳಿದ್ದರಂತೆ: ಅರುಂಧತಿ ನಕ್ಷತ್ರ ಕಾಣದವರಿಗೆ ಉಳಿದಿರುವುದು ಆರೇ ತಿಂಗಳು. ಅವತ್ತೇ ಅತ್ತೆ ತಾರಸಿ ಹತ್ತಿ ನೋಡಿದ್ದಾರೆ. ಕಂಡಿಲ್ಲ.

"ಅತ್ತೆ, ನಿಂಗಕ್ಕೆ ಕಣ್ಣಿಗೆ ಪೊರೆ ಬಂಜು. ಎದುರು ಮನೆ ಗೇಟೇ ಕಾಣ್ತಿಲ್ಲೆ ನಿಂಗಕ್ಕೆ. ಡಾಕ್ಟ್ರು ಹೇಳಿದ ಹಾಂಗೆ ಆಪರೇಶನ್ ಮಾಡ್ಸಿರೆ ಎಲ್ಲ ಕಾಣ್ತು."

"ಹೋಪವಕ್ಕೆ ಹೊಸ ಕಣ್ಣು ಎಂತಕ್ಕೆ?" ಆರು ತಿಂಗಳಲ್ಲಿ ಹೊರಡುವವರಿಗೆ ಅದು ದಂಡ ಎಂಬುದು ಅವರ ಲೆಕ್ಕ.

"ಮದುವೆ ದಿನ ಅರುಂಧತಿ ನೋಡಿದ್ರಿ ಅಲ್ದಾ?"

"ಎಂತ ನೋಡದು? ನಡು ಮಧ್ಯಾಹ್ನ ಭಟ್ರು ಚಪ್ಪರದ ಮಾಡು ತೋರ್ಸಿ ಕಂಡತಾ ಕೇಳ್ದ. ಹೊಟ್ಟೆ ಹಶವಾಗಿತ್ತು. ಕಂಡತು ಹೇಳ್ದಿ."

ಚಪ್ಪಲಿ

ಯಲ್ಲಾಪುರ ರಸ್ತೆಯ ಪಕ್ಕದ ಗುಡ್ಡದ ಮೇಲೆ ಆಸಕ್ತರು ಸೇರಿ ಕಟ್ಟಿದ ಸಣ್ಣದೊಂದು ವೀಕ್ಷಣಾಲಯವಿದೆ. ಬೇಸಿಗೆ ರಜೆಯಲ್ಲಿ ಒಂದು ಸಂಜೆ ಎಲ್ಲರಿಗೂ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ಅಲ್ಲಿಗೆ ಹೋಗೋಣ, ಅರುಂಧತಿ ಕಂಡರೆ ಆಪರೇಶನ್ನಿಗೆ ಒಪ್ಪಬೇಕು ಎಂದೆ. ದೂರದರ್ಶಕದಲ್ಲಿ ಕಂಡಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅತ್ತೆ ಎರಡು ದಿನ ಯೋಚಿಸಿದರು. ಕೊನೆಗೆ ಅವರೇ, "ಕನ್ನಡಕ ಹಾಕ್ಕಂಡು ಓದಿರೂ ಓದಿದ ಹಾಂಗೇ ಅಲ್ದಾ" ಎಂದು ತೀರ್ಪು ಕೊಟ್ಟುಕೊಂಡರು.

ಕಾರಿಳಿದಲ್ಲಿಂದ ನನ್ನ ಗಂಡ ತನ್ನ ಅಮ್ಮನ ಮೊಣಕೈ ಹಿಡಿದವನು ಬಿಡಲೇ ಇಲ್ಲ. ಮಡಚುವ ಕುರ್ಚಿ, ಕಷಾಯದ ಫ್ಲಾಸ್ಕು, ಶಾಲು ಹೊತ್ತು ನಾನು ಹಿಂದೆ.

ಗುಮ್ಮಟದ ಬಾಗಿಲಲ್ಲಿ ನಮಗಿಂತ ಮುಂದಿದ್ದವರು ಯಾರೋ ಚಪ್ಪಲಿ ಬಿಟ್ಟಿದ್ದರು. ಅದನ್ನು ನೋಡಿ ಅತ್ತೆ ಬಿಟ್ಟರು, ಅತ್ತೆಯನ್ನು ನೋಡಿ ಹಿಂದಿನವರೆಲ್ಲ ಬಿಟ್ಟರು. ದೂರದರ್ಶಕ ನೋಡಿಕೊಳ್ಳುತ್ತಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು, "ಇದು ದೇವಸ್ಥಾನ ಅಲ್ಲ, ಹಾಕಿಕೊಂಡೇ ಬನ್ನಿ, ಕಾಲಿಗೆ ಕಲ್ಲು ಚುಚ್ಚುತ್ತದೆ" ಎಂದು ಹೇಳಿ ಹೇಳಿ ಸೋತರು. ಸ್ವಲ್ಪ ಹೊತ್ತಿಗೆ ಏನೋ ತರಲು ಹೊರಗೆ ಹೋದವರು ವಾಪಸ್ ಬರುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆ ಚಪ್ಪಲಿ ರಾಶಿ ನೋಡಿದರು. ತಮ್ಮ ಬೂಟನ್ನೂ ಬಿಚ್ಚಿ ಒಳಗೆ ಬಂದರು.

ಗುರುಬಲ

ಮೊದಲು ಗುರುಗ್ರಹ. ಸರದಿಯಲ್ಲಿ ನಮ್ಮ ಮುಂದೆ ಬನವಾಸಿ ಕಡೆಯ ಯಜಮಾನರೊಬ್ಬರು. ಕಣ್ಣಿಟ್ಟವರು ತೆಗೆಯಲೇ ಇಲ್ಲ.

"ಗುರು ಅಂದ್ರ ಇವನ ಏನ್ರಿ ಸರ?"

"ಇವನೇ. ಪಕ್ಕದಲ್ಲಿ ಸಾಲಾಗಿ ಕಾಣುವ ಚುಕ್ಕಿಗಳು ಅವನ ಚಂದ್ರರು."

"ಆಳುಕಾಳು ಬ್ಯಾರೆ ಇಟ್ಕೊಂಡಾನ." ಅವರು ತಲೆಯೆತ್ತಿ ಮೇಷ್ಟ್ರನ್ನು ನೋಡಿದರು. "ನಮ್ಮ ಮಗಳ ಮದುವಿಗೆ ಗುರುಬಲ ಇಲ್ಲ ಅಂತ ಜೋಯಿಸ್ರು ಹೇಳ್ಕೋತನ ಬಂದಾರ. ಇಲ್ಲಿ ನೋಡಿದ್ರ ಇಷ್ಟು ಗಟ್ಟಿಮುಟ್ಟ ಅದಾನ. ಅವರಿಗೆ ಫೋನ್ ಹಚ್ಚಿ ಕೊಡ್ತೀನಿ, ನೀವ ಒಂದ್ ಮಾತು ಹೇಳ್ರಿ."

ಮೇಷ್ಟ್ರು ಬಹಳ ಕಷ್ಟದಿಂದ ತಪ್ಪಿಸಿಕೊಂಡರು. ಯಜಮಾನರು ಮನೆಗೆ ಹೋಗಲಿಲ್ಲ, ನಮ್ಮ ಹಿಂದೆ ಬಂದು ಮತ್ತೆ ನಿಂತರು. "ಗುರುನ್ನ ನೋಡಿದ್ದಾತು. ಶನಿ ಎಲ್ಲ್ಯದಾನ ಅಂತ ಒಂದ್ ಕೇಳ್ಕೊಂಡ್ ಹೋಗಿಬಿಡ್ತೀನಿ" ಎಂದು ನನಗೆ ಹೇಳಿದರು, ಸಾಲ ವಸೂಲಿಯವನು ಯಾವ ಬೀದಿಯಲ್ಲಿದ್ದಾನೆಂದು ವಿಚಾರಿಸುವ ಹಾಗೆ.

ದರ್ಶನ

ಆಮೇಲೆ ಮೇಷ್ಟ್ರು ದೂರದರ್ಶಕವನ್ನು ಉತ್ತರಕ್ಕೆ ತಿರುಗಿಸಿದರು. ಸಪ್ತರ್ಷಿ ಮಂಡಲ. ವಸಿಷ್ಠ, ಅರುಂಧತಿ. "ಅಮ್ಮ, ಈಗ ನೀವು ಬನ್ನಿ."

ಅತ್ತೆ ಬೆವರಿದ್ದರು. ಗುಡ್ಡದ ಮೇಲೆ ತಣ್ಣನೆ ಗಾಳಿಯಿತ್ತು. ಗಂಡ ಮೊಣಕೈ ಹಿಡಿದೇ ದೂರದರ್ಶಕದ ಮುಂದಿನ ಮೆಟ್ಟಿಲು ಹತ್ತಿಸಿದ. ಮೇಲೆ ನಿಂತು ಅತ್ತೆ ಬಗ್ಗಿದರು. ನಾನು ಕುರ್ಚಿ ಹಿಡಿದು ಕೆಳಗೆ ನಿಂತಿದ್ದೆ.

ತುಂಬ ಹೊತ್ತಾಯಿತು.

"ಎಂತೂ ಕಾಣ್ತಿಲ್ಲೆ ತಮಾ. ಕತ್ತಲೆ," ಎಂದರು ಮಗನಿಗೆ. ಅವರ ಅಷ್ಟು ಸಣ್ಣ ದನಿಯನ್ನು ನಾನು ಕೇಳಿದ್ದೇ ಇಲ್ಲ. ಮೇಷ್ಟ್ರು ಗಡಿಬಿಡಿಯಿಂದ ಏನೋ ತಿರುಗಿಸಿದರು. ನನಗೆ ಯಾಕೋ ಆ ಭರಣಿ ಕಣ್ಣಮುಂದೆ ಬಂತು.

ಹಿಂದಿನಿಂದ ಬನವಾಸಿ ಯಜಮಾನರು ಇಣುಕಿದರು. "ಅಮ್ಮಾರ, ಮೊದ್ಲ ಮುಗಿದ ಕೈ ಬಿಡ್ರಿ. ಆಮ್ಯಾಲೆ ಕಣ್ಣ ತೆರೀರಿ."

ನೋಡಿದರೆ ಹೌದು. ಮಂಗಳಾರತಿ ಹೊತ್ತಿಗೆ ದೇವರೆದುರು ನಿಂತ ಹಾಗೆ ಅತ್ತೆ ಎರಡೂ ಕೈ ಮುಗಿದು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಭಕ್ತಿಯಿಂದ ಅರುಂಧತಿಯನ್ನು ನೋಡುತ್ತಿದ್ದರು.

ಮೂವರು

ಅತ್ತೆ ಕಣ್ಣು ತೆರೆದು ಮತ್ತೆ ಬಗ್ಗಿದರು.

"ಕಂಡತು," ಎಂದರು. ಕಣ್ಣು ತೆಗೆಯದೆಯೇ, "ಆದ್ರೆ ಮೂರು ಇದ್ದಲಾ?"

ಮೇಷ್ಟ್ರ ಮುಖ ಅರಳಿತು. "ಸರಿಯಾಗಿ ನೋಡಿದಿರಿ ಅಮ್ಮ. ಬರಿಗಣ್ಣಿಗೆ ವಸಿಷ್ಠ ಒಂದೇ ಚುಕ್ಕಿ. ಇದರಲ್ಲಿ ನೋಡಿದರೆ ಅವನಿಗೆ ಅಂಟಿಕೊಂಡು ಇನ್ನೊಂದಿದೆ. ದೂರದಲ್ಲಿ ಬೇರೆಯಾಗಿ ಇರುವುದು ಅರುಂಧತಿ."

"ಅಂಟ್ಕಂಡಿಪ್ಪದು ಯಾರು?"

ಪುರಾಣದಲ್ಲಿ ಅದಕ್ಕೆ ಹೆಸರಿಲ್ಲ ಎಂದರು ಮೇಷ್ಟ್ರು. ಅತ್ತೆ ಇನ್ನೊಮ್ಮೆ ನೋಡಿದರು. ತಲೆಯೆತ್ತಿ, ತಮ್ಮ ಮೊಣಕೈ ಹಿಡಿದು ನಿಂತ ಮಗನನ್ನು ನೋಡಿದರು. ಕೆಳಗೆ ನಿಂತ ನನ್ನನ್ನು ನೋಡಿದರು.

"ಈಗ ಗೊತ್ತಾತು. ಅಂಟ್ಕಂಡಿಪ್ಪದು ಅಂವನ ಹೆತ್ತ ಆಯಿ. ಹೆಂಡ್ತಿ ಪಾಪ ಕುರ್ಚಿ ಹಿಡ್ಕಂಡು ದೂರ ನಿಂತಿದ್ದು."

ಗುಮ್ಮಟ ನಗೆಯಿಂದ ತುಂಬಿತು. ಬನವಾಸಿಯವರಿಗೆ ಕೆಮ್ಮೇ ಬಂತು. ಅತ್ತೆ ಮಗನ ಕೈಯಿಂದ ಮೊಣಕೈ ಬಿಡಿಸಿಕೊಂಡು ನನ್ನತ್ತ ಕೈ ಚಾಚಿದರು. "ಬಾ ತಂಗಿ, ನೀನೂ ನೋಡು. ಅಂವ ಕುರ್ಚಿ ಹಿಡ್ಕಳ್ತ."

ವಾಪಸ್ ಬರುವಾಗ ಅತ್ತೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತರು. ಕಷಾಯ ಕುಡಿದು, ಲೋಟ ಕೊಟ್ಟು, "ಆ ಕಣ್ಣಿನ ಡಾಕ್ಟ್ರಿಗೆ ನಾಳೆ ಫೋನ್ ಮಾಡು" ಎಂದರು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

"ತಂಗಿ, ಭರಣಿ ಮುಚ್ಚಳ ತೆಗದ್ಯಾ?"

"ಇಲ್ಲೆ ಅತ್ತೆ." ನಿಜಕ್ಕೂ ತೆಗೆದಿರಲಿಲ್ಲ, ಮನಸ್ಸಾಗಿರಲಿಲ್ಲ.

"ತೆಗೆಯಡ. ಮನೆಗೆ ಹೋದಕೂಡ್ಲೆ ನನ್ನ ಕಪಾಟಿಗೆ ವಾಪಸ್ ಇಡು." ಹೊರಗೆ ನೋಡುತ್ತ ಸೇರಿಸಿದರು, "ಕೈ ಒರೆಸ್ಕಂಡು."